ಕೋರ್‌ಗಳ ಸಂಖ್ಯೆಯೂ ಕೊಳ್ಳುವವರ ವಿವೇಕವೂ

ದುಬಾರಿ ಡೆಸ್ಕ್‌ಟಾಪ್ ಕಂಪ್ಯೂಟರ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ ‘ಎಷ್ಟು ಕೋರ್ ಬೇಕು?’ ಎಂಬುದು. ಮಗಳ ಅನಿಮೇಷನ್ ವ್ಯಾಸಂಗಕ್ಕೆಂದು ಸಾಲ ಮಾಡುವ ತಂದೆಯಾಗಲಿ, ಪ್ರಯೋಗಾಲಯಕ್ಕೆ ಟೆಂಡರ್ ಕರೆಯುವ ಪ್ರಾಂಶುಪಾಲರಾಗಲಿ, ಹೆಚ್ಚಿದ್ದಷ್ಟೂ ಒಳಿತೆಂದೇ ಭಾವಿಸುತ್ತಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ನಂಬಿಕೆ ಪರಿಶೀಲನೆಗೆ ಅರ್ಹವೆನಿಸುತ್ತದೆ.

ಇಪ್ಪತ್ತೊಂದನೆಯ ಶತಮಾನದ ಆರಂಭದವರೆಗೆ ಪ್ರೊಸೆಸರ್‌ನ ಯೋಗ್ಯತೆಯನ್ನು ಗಿಗಾಹರ್ಟ್ಸ್‌ಗಳಲ್ಲಿ ಅಳೆಯಲಾಗುತ್ತಿತ್ತು. ವೇಗ ಹೆಚ್ಚಿದಂತೆ ಶಾಖವೂ ಮಿತಿಮೀರಿತು. 2004ರಲ್ಲಿ ಇಂಟೆಲ್ ಸಂಸ್ಥೆ ತನ್ನ ‘ತೇಜಸ್’ ಯೋಜನೆಯನ್ನೇ ಕೈಬಿಟ್ಟಿತು. ಮರುವರ್ಷ ಇಂಟೆಲ್ ಮತ್ತು ಎಎಂಡಿ ಎರಡೂ ಜೋಡಿ ಕೋರ್‌ಗಳ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳನ್ನು ಮಾರುಕಟ್ಟೆಗೆ ತಂದವು. 2020ರ ವೇಳೆಗೆ ಎಎಂಡಿಯ ಥ್ರೆಡ್‌ರಿಪ್ಪರ್ 3990ಎಕ್ಸ್‌ನಲ್ಲಿ ಕೋರ್‌ಗಳ ಸಂಖ್ಯೆ 64ಕ್ಕೆ ಏರಿತ್ತು.

ಆದರೆ ಕೆಲಸಗಾರರು ಹೆಚ್ಚಿದ ಮಾತ್ರಕ್ಕೆ ಎಲ್ಲ ಕೆಲಸವೂ ಬೇಗ ಮುಗಿಯದು. ಇದನ್ನು 1967ರಲ್ಲಿಯೇ ವಿವರಿಸಿದವರು ಜೀನ್ ಆಮ್ಡಾಲ್. ಒಂದು ಕೋರ್ 100 ನಿಮಿಷಗಳಲ್ಲಿ ಮುಗಿಸುವ ಕೆಲಸವೊಂದಿದೆ ಎನ್ನೋಣ. ಅದರಲ್ಲಿ 90 ನಿಮಿಷಗಳ ಭಾಗವನ್ನು ಹಂಚಬಹುದು. ಉಳಿದ 10 ನಿಮಿಷಗಳದ್ದು ಒಂದಾದ ಮೇಲೊಂದರಂತೆಯೇ ನಡೆಯಬೇಕು. ಆಗ 8 ಕೋರ್‌ಗಳಿಗೆ ಸುಮಾರು 21 ನಿಮಿಷ, 16ಕ್ಕೆ 15.6 ನಿಮಿಷ, 64ಕ್ಕೆ 11.4 ನಿಮಿಷ ಹಿಡಿಯುತ್ತದೆ. ಸಾವಿರ ಕೋರ್‌ಗಳನ್ನು ತಂದರೂ 10 ನಿಮಿಷಗಳಿಗಿಂತ ಕೆಳಗಿಳಿಯದು. ಸೀಮಾಂತ ತುಷ್ಟಿಗುಣ ಇಳಿಯುತ್ತಾ ಹೋಗುತ್ತದೆಂಬ ಅರ್ಥಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇನ್ನು ಬೆಲೆಯ ಮಾತು. 16 ಕೋರ್‌ಗಳ ರೈಜನ್ 9 9950ಎಕ್ಸ್ 2024ರಲ್ಲಿ ಬಿಡುಗಡೆಯಾದಾಗ ಅದರ ಘೋಷಿತ ಬೆಲೆ 649 ಡಾಲರ್. 64 ಕೋರ್‌ಗಳ ಥ್ರೆಡ್‌ರಿಪ್ಪರ್ 7980ಎಕ್ಸ್‌ಗೆ 2023ರಲ್ಲಿ 4,999 ಡಾಲರ್. ಮೇಲಿನ ಉದಾಹರಣೆಯಲ್ಲಿ ನಾಲ್ಕು ನಿಮಿಷ ಉಳಿಸಲು ಏಳು ಪಟ್ಟಿಗೂ ಮೀರಿದ ಹಣ ತೆರಬೇಕಾಯಿತು. ಅದಕ್ಕೆ ತಕ್ಕ ಮದರ್‌ಬೋರ್ಡ್, ಶೀತಲ ವ್ಯವಸ್ಥೆ ಮತ್ತು ವಿದ್ಯುತ್ತಿನ ವೆಚ್ಚ ಬೇರೆ.

ಹಾಗೆಂದು ಹೆಚ್ಚು ಕೋರ್‌ಗಳು ವ್ಯರ್ಥವೆಂದು ನಾನು ಹೇಳಲಾರೆ. ಪ್ರೊಸೆಸರ್‌ನಲ್ಲಿಯೇ ನಡೆಯುವ ಮೂರು ಆಯಾಮದ ರೆಂಡರಿಂಗ್, ಬೃಹತ್ ತಂತ್ರಾಂಶಗಳ ಕಂಪೈಲಿಂಗ್ ಮುಂತಾದವು ಬಹುಪಾಲು ಹಂಚಿಕೊಳ್ಳಬಲ್ಲ ಕೆಲಸಗಳು. ಶೇ 99ರಷ್ಟು ಹಂಚಬಹುದಾದಲ್ಲಿ 16 ಕೋರ್‌ಗಳು ಏಳು ನಿಮಿಷಗಳಲ್ಲಿ ಮುಗಿಸುವುದನ್ನು 64 ಕೋರ್‌ಗಳು ಎರಡೂವರೆ ನಿಮಿಷಗಳಲ್ಲಿ ಮುಗಿಸುತ್ತವೆ. ದಿನವಿಡೀ ಅದೇ ಕಾಯಕ ಮಾಡುವ ಸ್ಟುಡಿಯೊಗೆ ಹೂಡಿಕೆ ಮರಳಿ ಬರುತ್ತದೆ. ಆದರೆ ಪತ್ರವ್ಯವಹಾರ, ಲೆಕ್ಕಪತ್ರ, ಸಾಮಾನ್ಯ ಪ್ರೋಗ್ರಾಮಿಂಗ್ ಕಲಿಕೆಗೆ ಆ ಯಂತ್ರ ಭತ್ತ ಹೊರಲು ಆನೆ ಸಾಕಿದಂತೆ. ಆಟಗಳಿಗೂ ಅಷ್ಟೆ: 2024ರಲ್ಲಿ ಬಂದ ರೈಜನ್ 7 9800ಎಕ್ಸ್3ಡಿ ಕೇವಲ ಎಂಟು ಕೋರ್‌ಗಳದ್ದು, ಅದು ಹೆಸರು ಗಳಿಸಿದ್ದು ದೊಡ್ಡ ಕ್ಯಾಶ್ ಮೆಮೊರಿಯಿಂದ.

ಕೋರ್‌ಗಳೆಲ್ಲ ಸಮಾನವೂ ಅಲ್ಲ. ಇಂಟೆಲ್‌ನ ಕೋರ್ ಅಲ್ಟ್ರಾ 9 285ಕೆ 24 ಕೋರ್‌ಗಳದ್ದಾದರೂ ಪೂರ್ಣ ಸಾಮರ್ಥ್ಯದವು ಎಂಟು ಮಾತ್ರ. ಉಳಿದ ಹದಿನಾರು ವಿದ್ಯುತ್ ಉಳಿಸುವ ಚಿಕ್ಕ ಕೋರ್‌ಗಳು. ಜಾಹೀರಾತಿನ ಒಂದೇ ಅಂಕಿಯಲ್ಲಿ ಈ ಭೇದ ಮರೆಯಾಗುತ್ತದೆ.

ನನ್ನ ಕಾಳಜಿ ಹೆಚ್ಚಾಗಿ ಸಾರ್ವಜನಿಕ ಹಣದ್ದು. 1999ರ ಕರ್ನಾಟಕ ಪಾರದರ್ಶಕ ಸಂಗ್ರಹಣಾ ಕಾಯ್ದೆ ಸ್ಪರ್ಧೆಯನ್ನು ಖಾತರಿಪಡಿಸಬಲ್ಲುದು, ಅಗತ್ಯವನ್ನು ಗುರುತಿಸಲಾರದು. ಅನಗತ್ಯ ಗುಣಲಕ್ಷಣಗಳನ್ನು ಸೇರಿಸಬಾರದೆಂದು ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಹೇಳುತ್ತವೆ. ಆದರೆ ಕಡತದಲ್ಲಿ ಬರೆಯಲು ಅಂಕಿ ಸುಲಭ. ಹೆಚ್ಚಿನ ಅಂಕಿ ಬರೆದ ಅಧಿಕಾರಿಯನ್ನು ಯಾರೂ ಪ್ರಶ್ನಿಸುವುದಿಲ್ಲ, ಕಡಿಮೆ ಬರೆದವನೇ ಉತ್ತರಿಸಬೇಕಾಗುತ್ತದೆ. ಸೇವಾವಧಿಯಲ್ಲಿ ಈ ಮನೋಭಾವವನ್ನು ನಾನು ಸಮೀಪದಿಂದ ಕಂಡಿದ್ದೇನೆ.

ಪರಿಹಾರ ಕಠಿಣವೇನಲ್ಲ. ಟೆಂಡರ್‌ನಲ್ಲಿ ಕೋರ್‌ಗಳ ಬದಲು ಕೆಲಸವನ್ನು ನಮೂದಿಸಬೇಕು: ಇಂಥ ತಂತ್ರಾಂಶದಲ್ಲಿ ಇಂಥ ಮಾದರಿ ಕೆಲಸ ಇಷ್ಟು ನಿಮಿಷಗಳಲ್ಲಿ ಮುಗಿಯಬೇಕು ಎಂದು. ಮನೆಯವರೂ ತಮ್ಮ ಹಳೆಯ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ನಿತ್ಯದ ಕೆಲಸ ನಡೆದಾಗ ಎಷ್ಟು ಕೋರ್‌ಗಳು ನಿಜವಾಗಿ ದುಡಿಯುತ್ತವೆಂದು ನೋಡಬಹುದು. ಬಹುತೇಕರಿಗೆ ಎಂಟು, ವಿಡಿಯೊ ಮತ್ತು ವಿನ್ಯಾಸದಲ್ಲಿ ತೊಡಗಿದವರಿಗೆ ಹದಿನಾರು ಸಾಕೆಂಬುದು ನನ್ನ ಅಭಿಪ್ರಾಯ. ಉಳಿದ ಹಣವನ್ನು ಮೆಮೊರಿಗೋ ಒಳ್ಳೆಯ ಪರದೆಗೋ ವಿನಿಯೋಗಿಸಲಿ. ಸಾಲ ಮಾಡುವವರು ಸಾಲವನ್ನೇ ತಗ್ಗಿಸಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಕಾಲಿನ ಉದ್ದ ನೋಡಿ ಹಾಸಿಗೆ ಕೊಳ್ಳುವುದೂ ಅಷ್ಟೇ ಮುಖ್ಯ.