ವಾಹನ ಸಾಗಾಟ: ಅಗ್ಗದ ದಾರಿ, ಎಚ್ಚರದ ದಾರಿ

1916ರಲ್ಲಿ ನಿಜಾಮರ ಆಳ್ವಿಕೆಯಲ್ಲಿ ಕಟ್ಟಲ್ಪಟ್ಟ ಕಾಚಿಗೂಡ ನಿಲ್ದಾಣವು ಈ ನಗರದ ಕನ್ನಡಿಗರಿಗೆ ತವರಿನ ಹೆಬ್ಬಾಗಿಲಿದ್ದಂತೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಕನ್ನಡ ಭಾಗಗಳು ಅಂದಿನ ಮೈಸೂರು ರಾಜ್ಯವನ್ನು ಸೇರಿದರೂ, ಇಲ್ಲಿ ನೆಲೆನಿಂತ ಮನೆತನಗಳು ಇಲ್ಲಿಯೇ ಉಳಿದವು. ಆ ಮನೆತನಗಳ ತರುಣರು ಇಂದು ಉದ್ಯೋಗನಿಮಿತ್ತ ಬೆಂಗಳೂರು ಮೈಸೂರುಗಳಿಗೆ ಹೊರಡುವಾಗ ಎದುರಾಗುವ ಪ್ರಶ್ನೆಯೊಂದು ಚಿಕ್ಕದೆಂದು ತೋರಿದರೂ ವಿಚಾರಾರ್ಹವಾಗಿದೆ: ಕಷ್ಟಪಟ್ಟು ಕೊಂಡ ಮೋಟಾರ್ ಸೈಕಲ್ಲನ್ನು ಒಯ್ಯುವುದು ಹೇಗೆ?

ಬೀದರಕ್ಕೋ ಕಲಬುರಗಿಗೋ ಹೋಗುವವರು ಹಗಲಿನಲ್ಲಿ ಸಾವಧಾನವಾಗಿ ಏರಿಕೊಂಡೇ ಹೋಗಬಹುದು. ಅಷ್ಟು ದೂರಕ್ಕೆ ಕಟ್ಟುವ, ಏರಿಸುವ, ಇಳಿಸುವ ವೆಚ್ಚವೇ ಭಾರವಾದೀತು. ಬೆಂಗಳೂರಿನಾಚೆಯ ಪ್ರಯಾಣಕ್ಕಾದರೋ ರೈಲೇ ಮಿತವ್ಯಯದ ಮಾರ್ಗ. ಅದರಲ್ಲಿ ಎರಡು ಬಗೆಗಳುಂಟು. ಪ್ರಯಾಣದ ಟಿಕೇಟು ಇರುವವರು ತಮ್ಮ ಗಾಡಿಯನ್ನು ಲಗೇಜಾಗಿ ಅದೇ ರೈಲಿನಲ್ಲಿ, ಸ್ಥಳವಿದ್ದಲ್ಲಿ, ಕೊಂಡೊಯ್ಯಬಹುದು. ಟಿಕೇಟಿಲ್ಲದವರು ಪಾರ್ಸೆಲ್ ಆಗಿ ಕಳುಹಿಸಬಹುದು. ಅದು ಸ್ಥಳಾವಕಾಶ ದೊರೆತಾಗ ಹೊರಡುವುದರಿಂದ ತಾಳ್ಮೆ ಬೇಕು. ರೈಲು ಕ್ಷಣಮಾತ್ರ ನಿಲ್ಲುವ ಸಣ್ಣ ನಿಲ್ದಾಣಕ್ಕಿಂತ ದೊಡ್ಡ ನಿಲ್ದಾಣಕ್ಕೆ ಕಳುಹಿಸಿ ಬಿಡಿಸಿಕೊಳ್ಳುವುದೇ ಲೇಸು.

ಕಚೇರಿಗೆ ಹೋಗುವಾಗ ನೋಂದಣಿ ಪತ್ರ, ವಿಮೆ, ಗುರುತಿನ ಚೀಟಿಗಳ ಪ್ರತಿಗಳಿರಲಿ. ಟ್ಯಾಂಕಿನ ಪೆಟ್ರೋಲನ್ನು ಪೂರ್ಣವಾಗಿ ತೆಗೆದಿರಬೇಕು. ಇದು ಬರಿಯ ಔಪಚಾರಿಕತೆಯಲ್ಲ. ಅಪಾಯಕಾರಿ ವಸ್ತುವನ್ನು ಅಕ್ರಮವಾಗಿ ರೈಲಿನಲ್ಲಿ ಸಾಗಿಸುವುದು 1989ರ ರೈಲ್ವೆ ಅಧಿನಿಯಮದಂತೆ ಸೆರೆವಾಸಕ್ಕೆ ಗುರಿಮಾಡಬಲ್ಲ ಅಪರಾಧ. ಒಬ್ಬನ ಉದಾಸೀನದಿಂದ ಸಾವಿರ ಪ್ರಯಾಣಿಕರ ಪ್ರಾಣಕ್ಕೆ ಸಂಚಕಾರ ಬರಬಹುದು. ಹುಲ್ಲು, ಗೋಣಿತಟ್ಟುಗಳಿಂದ ಗಾಡಿಯನ್ನು ಬಿಗಿಯಾಗಿ ಕಟ್ಟಿಸಿ, ಕನ್ನಡಿಗಳನ್ನು ಬಿಚ್ಚಿಟ್ಟುಕೊಂಡು, ಹೊರಡುವ ಮತ್ತು ಸೇರುವ ನಿಲ್ದಾಣಗಳ ಹೆಸರನ್ನು ಸ್ಪಷ್ಟವಾಗಿ ಬರೆಸಬೇಕು.

ಬಹುಮಂದಿ ಎಡವುವುದು ಮೌಲ್ಯವನ್ನು ಘೋಷಿಸುವಲ್ಲಿ. ನಾಲ್ಕು ಕಾಸು ಉಳಿಸಲು ಬೆಲೆಯನ್ನು ತಿಳಿಸದೆ ಬಿಟ್ಟರೆ, ಗಾಡಿ ಕಳೆದುಹೋದಾಗ ರೈಲ್ವೆಯ ಹೊಣೆ ತೂಕದ ಲೆಕ್ಕದಲ್ಲಿ ಗೊತ್ತುಪಡಿಸಿದ ಅಲ್ಪ ಮಿತಿಗೆ ನಿಲ್ಲುತ್ತದೆ. ಬೆಲೆಯನ್ನು ಬರೆಸಿ ಹೆಚ್ಚುವರಿ ಶುಲ್ಕ ಕೊಟ್ಟವನಿಗೆ ಮಾತ್ರ ಆ ಮಿತಿಯನ್ನು ಮೀರಿ ಕೇಳುವ ಹಕ್ಕುಂಟು. ನಷ್ಟವಾದರೆ ಆರು ತಿಂಗಳೊಳಗೆ ಲಿಖಿತ ನೋಟೀಸು ಕೊಡಬೇಕು. ರಸೀದಿಯನ್ನು ಜೋಪಾನವಾಗಿಡಬೇಕು. ಗಾಡಿ ತಲಪಿದೊಡನೆ ಬಿಡಿಸಿಕೊಳ್ಳದಿದ್ದರೆ ಜಾಗದ ಬಾಡಿಗೆ ಏರುತ್ತಾ ಹೋಗಿ, ಉಳಿಸಿದ್ದೆಲ್ಲ ಅಲ್ಲಿಯೇ ಸೋರಿಹೋಗುತ್ತದೆ.

ಖಾಸಗಿ ಸಾಗಣೆದಾರರಲ್ಲಿ ಪ್ರಾಮಾಣಿಕರಿಲ್ಲವೆಂದಲ್ಲ. ಆದರೆ ಮೊದಲು ಅಗ್ಗದ ದರ ಹೇಳಿ, ಗಾಡಿ ಕೈಸೇರಿದ ಮೇಲೆ ಇಮ್ಮಡಿ ಕೇಳುವವರೂ ಇರುವರು. ಮನೆಬಾಗಿಲಿಗೆ ತಲಪಿಸುವ ದರ, ತೆರಿಗೆ, ವಿಮೆ ಎಲ್ಲವನ್ನೂ ಬರಹದಲ್ಲಿ ಪಡೆಯದೆ ಬೀಗದ ಕೈಯನ್ನು ಒಪ್ಪಿಸಲಾಗದು.

ಗಾಡಿ ಊರು ಸೇರಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬೇರೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇರಿಸಿಕೊಳ್ಳುವ ವಾಹನಕ್ಕೆ ಅಲ್ಲಿಯ ಹೊಸ ನೋಂದಣಿ ಅಗತ್ಯ. ಅದಕ್ಕೆ ಇಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಹೊರಡುವ ಮುನ್ನವೇ ಇದಕ್ಕೆ ಅರ್ಜಿ ಹಾಕಿದವನು ಮತ್ತೊಂದು ಪ್ರಯಾಣದ ಖರ್ಚನ್ನು ಉಳಿಸಿದಂತೆ.

ಈ ನಿಯಮಗಳು ಗೂಢವಾದವೇನಲ್ಲ; ತಿಳಿಯದವನಿಗೆ ಮಾತ್ರ ಗೂಢ. ಆ ತಿಳಿಯದಿರುವಿಕೆಯೇ ನಿಲ್ದಾಣದ ಸುತ್ತಲಿನ ಮಧ್ಯವರ್ತಿಯ ಬಂಡವಾಳ. ದರಪಟ್ಟಿಯೂ ನಿಯಮಗಳೂ ತೆಲುಗು, ಉರ್ದುಗಳೊಡನೆ ಕನ್ನಡದಲ್ಲಿಯೂ ಎಲ್ಲರ ಕಣ್ಣಿಗೆ ಬೀಳುವಂತೆ ಇರಬೇಕೆಂದು ರೈಲ್ವೆ ಅಧಿಕಾರಿಗಳನ್ನು ಆಗ್ರಹಿಸುತ್ತೇವೆ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಂತಹ ಸಂಸ್ಥೆಗಳು ವಾರಕ್ಕೊಂದು ಸಂಜೆ ಅನುಭವಿಗಳನ್ನು ಕೂರಿಸಿ, ಹೊರಡುವ ತರುಣರಿಗೆ ಈ ಮಾಹಿತಿಯನ್ನು ಕೊಡಿಸಿದರೆ ಅದೂ ನಾಡುನುಡಿಯ ಸೇವೆಯೇ. ಭಾಷಾಭಿಮಾನವು ಉತ್ಸವದ ವೇದಿಕೆಯಿಂದ ಪಾರ್ಸೆಲ್ ಕಚೇರಿಯ ಕಿಟಕಿಯವರೆಗೆ ಇಳಿದುಬಂದಾಗಲೇ ಸಾಮಾನ್ಯನಿಗೆ ಅದರ ಪ್ರಯೋಜನ.