ಮೈದಾನ ಬಂದಿತು, ಗುರುವೆಲ್ಲಿ?

ನವಿ ಮುಂಬಯಿಯ ನೆರೂಳಿನಲ್ಲಿರುವ ಡಿ. ವೈ. ಪಾಟೀಲ್ ಕ್ರೀಡಾಂಗಣವು ಕಾಲ್ಚೆಂಡಾಟದ ಜಗತ್ತಿಗೆ ಈಗ ಅಪರಿಚಿತವಲ್ಲ. 2017ರಲ್ಲಿ ಹದಿನೇಳು ವರ್ಷದೊಳಗಿನ ಬಾಲಕರ ವಿಶ್ವಕಪ್ಪಿನ ಉಪಾಂತ್ಯ ಪಂದ್ಯವೊಂದು ಅಲ್ಲಿ ನಡೆಯಿತು. 2022ರಲ್ಲಿ ಏಷ್ಯದ ಮಹಿಳಾ ಕಪ್ಪಿನ ಅಂತಿಮ ಪಂದ್ಯವೂ, ಅದೇ ವರ್ಷ ಬಾಲಕಿಯರ ವಿಶ್ವಕಪ್ಪಿನ ಅಂತಿಮ ಪಂದ್ಯವೂ ಅಲ್ಲಿಯೇ ಜರುಗಿದವು. ಜಗತ್ತೇ ನಮ್ಮ ಮನೆಯಂಗಳಕ್ಕೆ ಬಂದು ಆಡಿಹೋಯಿತು. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣಗಳ ಸಣ್ಣ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳ ಆಟಕ್ಕೆ ಇದರಿಂದ ಒದಗಿದ ಪ್ರಯೋಜನವೇನು? ಈ ಪ್ರಶ್ನೆಗೆ ಉತ್ತರವನ್ನು ಮೈದಾನದಲ್ಲಿ ಹುಡುಕುವುದಕ್ಕಿಂತ ತರಬೇತುದಾರನಲ್ಲಿ ಹುಡುಕುವುದು ಲೇಸೆಂದು ನಾವು ಭಾವಿಸುತ್ತೇವೆ.

ಕಾಲೇಜಿನ ತಂಡವು ಹರಿಯುವ ನೀರಿನಂತೆ. ಮೂರು ನಾಲ್ಕು ವರ್ಷಗಳಲ್ಲಿ ಆಟಗಾರರೆಲ್ಲರೂ ಪದವಿ ಪಡೆದು ಹೊರಟುಹೋಗುತ್ತಾರೆ. ಉಳಿಯುವವನು ತರಬೇತುದಾರನೊಬ್ಬನೇ. ತಂಡದ ಅನುಭವವೆಲ್ಲವೂ ಅವನಲ್ಲಿಯೇ ನೆಲೆಸಿರುತ್ತದೆ. ಅವನೂ ವರ್ಷಕ್ಕೊಮ್ಮೆ ಬದಲಾದರೆ ಪ್ರತಿ ಜೂನ್ ತಿಂಗಳಲ್ಲಿ ಓನಾಮದಿಂದಲೇ ಆರಂಭಿಸಬೇಕಾಗುತ್ತದೆ. ದಿನಕ್ಕೊಬ್ಬ ಭಟ್ಟನಿದ್ದರೆ ಸಾಂಬಾರಿನ ರುಚಿ ನಿಲ್ಲದೆಂಬುದನ್ನು ಹೋಟೆಲಿನಲ್ಲಿ ದುಡಿಯುವ ನಮ್ಮ ವಾಚಕರಿಗೆ ಹೇಳಿಕೊಡಬೇಕಾಗಿಲ್ಲ.

ಇತಿಹಾಸವೂ ಇದನ್ನೇ ಸಾರುತ್ತದೆ. ಶಾಲಾ ಶಿಕ್ಷಕರಾಗಿದ್ದ ಸಯ್ಯದ್ ಅಬ್ದುಲ್ ರಹೀಮರು 1943ರಲ್ಲಿ ಹೈದರಾಬಾದ್ ಪೊಲೀಸ್ ತಂಡದ ಹೊಣೆ ಹೊತ್ತು, 1963ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಆ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ನಮ್ಮ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಭಾರತ ತಂಡವು 1951 ಮತ್ತು 1962ರ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣ ಪಡೆದುದೂ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೇರಿದುದೂ ಅವರ ಕೈಕೆಳಗೆಯೇ.

ಹತ್ತಿರದ ನಿದರ್ಶನವೂ ಉಂಟು. 2007ರಲ್ಲಿ ಹುಟ್ಟಿದ ಮುಂಬಯಿ ಎಫ್.ಸಿ. ಸಿರಿವಂತ ತಂಡವಾಗಿರಲಿಲ್ಲ. 2009ರಿಂದ 2016ರವರೆಗೆ ಖಾಲಿದ್ ಜಮೀಲರು ಅದನ್ನು ಐ-ಲೀಗಿನಲ್ಲಿ ಕೆಳಗಿಳಿಯದಂತೆ ಕಾಪಾಡಿದರು. ಅವರು ತೆರಳಿದ ಮರುಋತುವಿನಲ್ಲಿ ತಂಡಕ್ಕೆ ಇಬ್ಬರು ತರಬೇತುದಾರರಾದರು. ಸ್ಥಾನ ಮಾತ್ರ ಕಟ್ಟಕಡೆಯದು. ಅದೇ ಋತುವಿನಲ್ಲಿ ಜಮೀಲರು ಮಿಜೋರಾಮಿನ ಐಜ್ವಾಲ್ ತಂಡವನ್ನು ಚಾಂಪಿಯನ್ ಪಟ್ಟಕ್ಕೇರಿಸಿದರು. 2025ರ ಆಗಸ್ಟಿನಲ್ಲಿ ಅವರು ಭಾರತ ತಂಡಕ್ಕೇ ತರಬೇತುದಾರರಾಗಿ ನೇಮಕಗೊಂಡರು. ಇನ್ನು 2017ರ ಬಾಲಕರ ವಿಶ್ವಕಪ್ಪಿಗೆ ಕೆಲವೇ ತಿಂಗಳುಗಳ ಮುನ್ನ ಭಾರತದ ಜರ್ಮನ್ ತರಬೇತುದಾರರ ಸ್ಥಾನಕ್ಕೆ ಪೋರ್ಚುಗಲ್ಲಿನವರೊಬ್ಬರು ಬಂದರು. ನಮ್ಮ ಹುಡುಗರು ಮೂರು ಪಂದ್ಯಗಳನ್ನೂ ಸೋತರು. ಸೋಲಿಗೆ ಅದೊಂದೇ ಕಾರಣವೆಂದು ನಾವು ಹೇಳೆವು. ಆದರೆ ಅಂತಹ ಬದಲಾವಣೆಯಿಂದ ಎಳೆಯ ತಂಡಕ್ಕೆ ಹಿತವಾದೀತೆಂದೂ ಹೇಳಲಾರೆವು.

ಬಹುಕಾಲ ಕುಳಿತವರೆಲ್ಲರೂ ರಹೀಮರಾಗುವುದಿಲ್ಲವೆಂಬ ಆಕ್ಷೇಪಕ್ಕೆ ನಾವು ಕಿವಿಗೊಡಲೇಬೇಕು. ಕಲಿಯುವ ಆಸೆ ಬತ್ತಿದವನು ಇಪ್ಪತ್ತು ವರ್ಷ ಇದ್ದರೂ ಫಲವಿಲ್ಲ. ಆದುದರಿಂದ ಯೋಗ್ಯನನ್ನು ಪರೀಕ್ಷಿಸಿ ಆರಿಸಬೇಕು; ಆರಿಸಿದ ಮೇಲೆ ಒಂದು ವಿದ್ಯಾರ್ಥಿ ಪೀಳಿಗೆಯಾದರೂ ಅವನಿಗೆ ಕಾಲಾವಕಾಶ ಕೊಡಬೇಕು. ಒಂದು ಪಂದ್ಯ ಸೋತೊಡನೆ ಕಳುಹಿಸುವುದೂ, ಅಲ್ಪ ಗೌರವಧನಕ್ಕೆ ದುಡಿಸಿ ಮಾರ್ಚಿನಲ್ಲಿ ಕೈಬಿಡುವುದೂ ನ್ಯಾಯವಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ. ಮುಂಜಾನೆಯ ಲೋಕಲ್ ಹಿಡಿದು ದುಡಿಯುವ ಗುಮಾಸ್ತನೂ, ತಡರಾತ್ರಿ ಹೋಟೆಲಿನ ಬಾಗಿಲೆಳೆಯುವ ಕಾರ್ಮಿಕನೂ ಮಗನ ಶುಲ್ಕಕ್ಕಾಗಿ ಬೆವರು ಸುರಿಸುತ್ತಾರೆ. ಪ್ರವೇಶದ ದಿನ ಆಟದ ಶಿಕ್ಷಕರು ಯಾರು, ಎಷ್ಟು ವರ್ಷಗಳಿಂದ ಇದ್ದಾರೆ ಎಂದು ಕೇಳುವ ಹಕ್ಕು ಅವರಿಗಿದೆ. ಸಮಾರಂಭಗಳಲ್ಲಿ ಶಾಲು ಹಾರಗಳಿಗೆ ವೆಚ್ಚಮಾಡುವ ನಮ್ಮ ಸಂಘಗಳು ಅದರಲ್ಲೊಂದಂಶವನ್ನು ಉಳಿಸಿ, ಒಬ್ಬ ತರಬೇತುದಾರನ ಮೂರು ವರ್ಷದ ಗೌರವಧನವನ್ನು ವಹಿಸಿಕೊಳ್ಳಲಿ. ಹಾರ ಮರುದಿನವೇ ಬಾಡುತ್ತದೆ. ಒಬ್ಬ ಒಳ್ಳೆಯ ಗುರುವಿನಿಂದ ಕಲಿತ ಶಿಸ್ತು ಹುಡುಗನ ಬಾಳಿಗೆಲ್ಲ ಒದಗುತ್ತದೆ.