ಪ್ರಸಾದಗುಣಕ್ಕೊಂದು ನಿದರ್ಶನ

ಸುಲಭವಾದುದೆಲ್ಲ ಹಗುರವೆಂಬ ಭ್ರಮೆ ಸಾಹಿತ್ಯವಿಮರ್ಶೆಗೆ ಮಾತ್ರ ಅಂಟಿದ್ದಲ್ಲ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರು 1980ರಲ್ಲಿ ಹೊರತಂದ ‘ವೈನ್‌ಲೈಟ್’ ಎಂಬ ಧ್ವನಿಮುದ್ರಿಕೆಯೂ ಅದಕ್ಕೆ ಗುರಿಯಾಯಿತು. ಅದರ ಆರು ರಚನೆಗಳಲ್ಲಿ ಐದು ವಾದ್ಯಕ್ಕೇ ಮೀಸಲು. ಒಂದರಲ್ಲಿ ಮಾತ್ರ, ಕಪ್ಪುಜನರ ಚರ್ಚ್ ಗಾಯನದಿಂದ ಬೆಳೆದುಬಂದ ಸೋಲ್ ಸಂಪ್ರದಾಯದ ಗಾಯಕ ಬಿಲ್ ವಿದರ್ಸ್ ಅವರ ಕಂಠವಿದೆ. ‘ಜಸ್ಟ್ ದ ಟೂ ಆಫ್ ಅಸ್’ ಎಂಬ ಆ ಹಾಡು 1981ರಲ್ಲಿ ಅಲ್ಲಿಯ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು. 1982ರಲ್ಲಿ ಹಾಡಿಗೂ ಮುದ್ರಿಕೆಗೂ ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಇಷ್ಟು ಜನ ಮೆಚ್ಚಿದ್ದು ಜಾಜ್ ಹೇಗಾದೀತೆಂದು ಮಡಿವಂತರು ಮೂಗು ಮುರಿದರು.

ಕಾವ್ಯಗುಣಗಳನ್ನು ಪಾಠ ಹೇಳುವ ನನಗೆ ಈ ತಕರಾರು ಅಪರಿಚಿತವಲ್ಲ. ಅರ್ಥವು ಥಟ್ಟನೆ ಮನಸ್ಸನ್ನು ವ್ಯಾಪಿಸುವುದನ್ನು ನಮ್ಮ ಆಲಂಕಾರಿಕರು ಪ್ರಸಾದವೆಂದು ಕರೆದು ಗುಣಗಳ ಸಾಲಿನಲ್ಲಿಟ್ಟರು, ದೋಷಗಳ ಸಾಲಿನಲ್ಲಲ್ಲ. ವಿದರ್ಸ್ ಅವರು ಮಾತಾಡಿದಷ್ಟೇ ಸಹಜವಾಗಿ, ಮಿತವಾಗಿ ಹಾಡುತ್ತಾರೆ. ಸ್ಯಾಕ್ಸೋಫೋನ್ ಆ ಕಂಠವನ್ನು ಮೀರಿ ಮೆರೆಯಹೋಗದೆ, ಅದು ನಿಂತಲ್ಲಿಂದ ಭಾವವನ್ನು ಮುಂದುವರಿಸುತ್ತದೆ. ಈ ಸಂಯಮ ಶ್ರಮವಿಲ್ಲದೆ ದಕ್ಕುವುದಲ್ಲ.

ಈ ಮಾಧುರ್ಯವೆಲ್ಲ ಪದಗಳ ಆಸರೆಯಿಂದ ಬಂದದ್ದೆ? ಅಲ್ಲವೆನ್ನಲು ಮುದ್ರಿಕೆಯಲ್ಲಿಯೇ ಸಾಕ್ಷಿಯಿದೆ. ‘ಇನ್ ದ ನೇಮ್ ಆಫ್ ಲವ್’ ಎಂಬ ರಚನೆ ಇಲ್ಲಿ ಮಾತಿಲ್ಲದೆ ಮೂಡಿದೆ. ಅದರ ಕರ್ತೃಗಳಲ್ಲೊಬ್ಬರಾದ ರಾಲ್ಫ್ ಮೆಕ್‌ಡೊನಾಲ್ಡ್ 1984ರಲ್ಲಿ ಅದೇ ರಚನೆಯನ್ನು ವಿದರ್ಸ್ ಅವರಿಂದ ಹಾಡಿಸಿದರು. ಎರಡನ್ನೂ ಕೇಳಿದವರಿಗೆ, ಪದಗಳು ಬಂದು ಹೇಳಿದ್ದನ್ನು ವಾದಕನ ಉಸಿರು ಮೊದಲೇ ಹೇಳಿತ್ತೆಂದು ತಿಳಿಯುತ್ತದೆ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನಿನಲ್ಲಿ ಕೀರ್ತನೆಗಳನ್ನು ಕೇಳಿದ ಕನ್ನಡಿಗರಿಗೆ ಇದು ಹೊಸ ಅನುಭವವೇನಲ್ಲ.

ಒಂದು ಮಾತನ್ನು ಒಪ್ಪಬೇಕು. ಈ ಶೈಲಿಯ ಅನುಕರಣದಿಂದ ಹುಟ್ಟಿದ ಎಷ್ಟೋ ಸಂಗೀತ ಅಂಗಡಿ, ಹೋಟೆಲುಗಳ ಹಿನ್ನೆಲೆಯ ಸದ್ದಾಗಿ ಹೋಯಿತು. ನಯವನ್ನಷ್ಟೇ ಎತ್ತಿಕೊಂಡು ಭಾವವನ್ನು ಬಿಟ್ಟವರ ದೋಷವದು. ಅದನ್ನು ಮೂಲದ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೊಳದ ತಳ ಕಂಡ ಮಾತ್ರಕ್ಕೆ ನೀರು ಆಳವಿಲ್ಲವೆಂದು ತೀರ್ಮಾನಿಸುವವರು ಇಳಿದು ನೋಡಿದವರಲ್ಲ. ಸಹೃದಯರು ಹಾಡಿನ ಆಸೆಯಿಂದಲೇ ಈ ಮುದ್ರಿಕೆಯನ್ನು ಹಿಡಿಯಲಿ, ಅಡ್ಡಿಯಿಲ್ಲ. ಆದರೆ ಮಾತಿಲ್ಲದ ಉಳಿದ ಐದಕ್ಕೂ ಅಷ್ಟೇ ಕಿವಿಗೊಡಲಿ.